ಹುಳು ಮನೆಯಲ್ಲಿ ಕೂತು ಆಡಿದ ಮಾತು

ಪ್ರಶ್ನೆ: ನನಗೆ 27 ವರ್ಷ. ಶಿಡ್ಲಘಟ್ಟದ ಹತ್ತಿರ ನಮ್ಮ ಹಳ್ಳಿ. ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಅವರು ನೋಡಿಕೊಳ್ಳುತ್ತಿದ್ದ ರೇಷ್ಮೆ ಹುಳು ಮನೆಯನ್ನು ಈಗ ಅಮ್ಮ, ನಾನು ನೋಡಿಕೊಳ್ಳುತ್ತೇವೆ. ಜೊತೆಗೆ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತೆ. ಒಂದು ಆ್ಯಪ್‌ನಲ್ಲಿ 7,200 ರೂಪಾಯಿ ಕಟ್ಟಿ ಎಂಟು ಕೌನ್ಸೆಲಿಂಗ್ ಸೆಷನ್ ತಗೊಂಡೆ. ಮೊದಲ ಮೂರು ಸಲ ಮಾತಾಡಿದ ಮೇಡಂ ಕನ್ನಡದವರು. ಮನಸ್ಸು ಹಗುರಾಗಿತ್ತು. ಅವರು ಬಿಟ್ಟು ಹೋದರು. ಈಗಿನವರ ಜೊತೆ ಇಂಗ್ಲಿಷ್‌ನಲ್ಲೇ ಮಾತು. ಅಮ್ಮನಿಗೆ ಗೊತ್ತಾಗದ ಹಾಗೆ ಹುಳು ಮನೆಯಲ್ಲಿ ಕೂತು ಮಾತಾಡುತ್ತೇನೆ. ಹೋದ ವಾರ ಅವರು ‘ಅಲ್ಲಿ ಮಳೆ ಬರ್ತಿದೆಯಾ’ ಅಂತ ಕೇಳಿದರು. ಹೌದು ಅಂದುಬಿಟ್ಟೆ. ಇನ್ನು ಮೂರು ಸೆಷನ್ ಉಳಿದಿದೆ. ಮತ್ತೆ ಹನ್ನೆರಡು ತಗೊಳ್ಳಿ, ಇವತ್ತು ರಾತ್ರಿವರೆಗೆ ಮಾತ್ರ ರಿಯಾಯಿತಿ ಅಂತ ದಿನಾ ಮೆಸೇಜ್. ಮುಂದುವರಿಸಲಾ? ಆಸ್ಪತ್ರೆಗೆ ಹೋದರೆ ಊರವರ ಕಣ್ಣಿಗೆ ಬೀಳ್ತೀನಿ.

ಉತ್ತರ: ಪ್ರೀತಿಯ ತಂಗಿ, ಮೊದಲು ಒಂದು ಮಾತು ಕೇಳಿಬಿಡುತ್ತೇನೆ. ‘ಏಳುವುದೇ ಬೇಡ’ ಅಂದರೆ ಸುಸ್ತಾಗಿ ಮಲಗಿರೋಣ ಅನಿಸುವುದಾ, ಬದುಕೇ ಬೇಡ ಅನಿಸುವುದಾ? ಎರಡನೆಯದಾದರೆ ಮುಂದಿನ ಸೆಷನ್‌ಗೆ ಕಾಯಬೇಡಿ. ಈಗಲೇ ಅಮ್ಮನ ಹತ್ತಿರ ಹೋಗಿ ಕೂತು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ದುಡ್ಡು ಕಟ್ಟಬೇಕಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ್ಯಪ್ ವಿಚಾರ. ದುಡ್ಡು ದಂಡ ಮಾಡಿದೆ ಅಂತ ನೊಂದುಕೊಳ್ಳಬೇಡಿ. ಅಪ್ಪನ ಬಗ್ಗೆ ಊರಲ್ಲಿ ಯಾರ ಹತ್ತಿರವೂ ಅಳಲಾಗದಿದ್ದಾಗ ಒಬ್ಬ ಮೇಡಂ ಮುಂದೆ ಮೂರು ಸಲ ಅತ್ತಿರಿ. ಬಸ್ಸು ಹತ್ತಬೇಕಾಗಲಿಲ್ಲ, ಕೆಲಸಕ್ಕೆ ರಜೆ ಹಾಕಬೇಕಾಗಲಿಲ್ಲ, ಯಾರಿಗೂ ಉತ್ತರ ಹೇಳಬೇಕಾಗಲಿಲ್ಲ. ಹಳ್ಳಿಯ ಹೆಣ್ಣುಮಗಳಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ನಿಮ್ಮನ್ನು ಹಗುರ ಮಾಡಿದ್ದು ಆ ಮೇಡಂ ಮತ್ತು ಅವರ ಕನ್ನಡ, ಆ್ಯಪ್ ಅಲ್ಲ. ಹೊಟ್ಟೆಯೊಳಗಿನ ಸಂಕಟವನ್ನು ಇಂಗ್ಲಿಷ್‌ಗೆ ತರುವ ಹೊತ್ತಿಗೆ ಅದು ಬರೀ ‘ಸ್ಟ್ರೆಸ್’ ಆಗಿಬಿಡುತ್ತೆ. ಕೇಳುವವರು ಸ್ಟ್ರೆಸ್‌ಗೆ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಾರೆ. ಅಪ್ಪನ ಮಾತು ಹಾಗೇ ಉಳಿದುಹೋಗುತ್ತೆ. ಅದಕ್ಕೆ ಇವತ್ತೇ ಆ ಕಂಪನಿಗೆ ಬರೆಯಿರಿ: ಉಳಿದ ಮೂರು ಸೆಷನ್ ಕನ್ನಡದವರ ಜೊತೆ ಬೇಕು, ಇಲ್ಲವಾದರೆ ಅಷ್ಟರ ದುಡ್ಡು ವಾಪಸ್ ಕೊಡಿ. ನಿಮ್ಮ ಮನೆಯಲ್ಲಿ ತೆಲುಗೂ ಆಡುತ್ತಿದ್ದರೆ, ಆ ಕಡೆ ಬಹಳ ಮನೆಗಳಲ್ಲಿ ಆಡುತ್ತಾರೆ, ಅದನ್ನೂ ಹೇಳಿ.

ಸೆಷನ್ ಕೊಡುವವರು ಯಾರು ಅಂತಲೂ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೌನ್ಸೆಲರ್ ಅಂತ ಕೆಲಸ ಮಾಡುವ ಹಲವರಿಗೆ ಅದು ಇರುವುದಿಲ್ಲ. ಅಷ್ಟಕ್ಕೇ ಅವರು ಕೆಟ್ಟವರೇನಲ್ಲ. ಏನು ಓದಿದ್ದೀರಿ, ಎಷ್ಟು ವರ್ಷದ ಅನುಭವ ಅಂತ ಸಂಕೋಚ ಇಲ್ಲದೆ ಕೇಳಿ. ಮುಖ ಸಿಂಡರಿಸಿದರೆ ಬೇರೆಯವರನ್ನು ನೋಡಿ.

ಹನ್ನೆರಡು ಸೆಷನ್ ಮಾತ್ರ ಬೇಡವೇ ಬೇಡ. ಇನ್ನೆಷ್ಟು ಸಲ ಮಾತಾಡಬೇಕು ಅನ್ನುವುದನ್ನು ನೀವು ಮತ್ತು ನಿಮ್ಮ ಮಾತು ಕೇಳುವವರು ಕೂತು ತೀರ್ಮಾನಿಸಬೇಕು. ರಾತ್ರಿ ಹನ್ನೆರಡಕ್ಕೆ ಮುಗಿಯುವ ರಿಯಾಯಿತಿ ಅದನ್ನು ತೀರ್ಮಾನಿಸಬಾರದು. ಈ ಮೆಸೇಜ್ ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ನಿದ್ದೆಗೆಟ್ಟವರಿಗೆ ಹೀಗೆ ಅವಸರ ಮಾಡುವುದು ತಪ್ಪು. ಇನ್ನು ಬೇಕು ಅನಿಸಿದರೆ ಒಂದೊಂದಾಗಿ ತಗೊಳ್ಳಿ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಹೋದರೆ ಊರಿಗೆ ಗೊತ್ತಾಗುತ್ತೆ, ಫೋನಿನಲ್ಲಾದರೆ ಇಲ್ಲ ಅಂದುಕೊಂಡಿದ್ದೀರಿ. ಪೂರ್ತಿ ನಿಜ ಅಲ್ಲ. ಅಮೆರಿಕದ ಬೆಟರ್‌ಹೆಲ್ಪ್ ಅನ್ನುವ ದೊಡ್ಡ ಆನ್‌ಲೈನ್ ಕೌನ್ಸೆಲಿಂಗ್ ಸೇವೆ ಜನರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಕೊಟ್ಟಿತ್ತು ಅನ್ನುವ ಆರೋಪ ಬಂತು. 2023ರಲ್ಲಿ ಅಲ್ಲಿನ ವ್ಯಾಪಾರ ಆಯೋಗ 78 ಲಕ್ಷ ಡಾಲರ್ ಕಟ್ಟುವಂತೆ ಆದೇಶಿಸಿತು. ನಿಮ್ಮ ಆ್ಯಪ್ ಹಾಗೆ ಮಾಡಿದೆ ಅಂತ ನಾನು ಹೇಳುತ್ತಿಲ್ಲ. ಕಾಂಟ್ಯಾಕ್ಟ್ಸ್, ಲೊಕೇಶನ್ ಅನುಮತಿ ಕೊಟ್ಟಿದ್ದರೆ ತೆಗೆದುಹಾಕಿ. ಆಸ್ಪತ್ರೆಯಲ್ಲಾದರೋ, ನಿಮ್ಮ ವಿಷಯವನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಕಾರಿಡಾರಿನಲ್ಲಿ ಕೂತ ಊರವರ ಬಾಯಿ ಕಟ್ಟಲು ಕಾಯ್ದೆಗೆ ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಒಮ್ಮೆ ಡಾಕ್ಟರನ್ನು ನೋಡಲೇಬೇಕು. ನಾಲ್ಕು ತಿಂಗಳು ನಿದ್ದೆ ಇಲ್ಲದವರ ಥೈರಾಯ್ಡ್, ರಕ್ತ ಪರೀಕ್ಷೆ ಆಗಬೇಕು. ಔಷಧಿ ಬೇಕಾದರೆ ಕೌನ್ಸೆಲರ್ ಬರೆದುಕೊಡಲಾರರು. ‘ನಿದ್ದೆ ಬರ್ತಿಲ್ಲ, ರಕ್ತ ಪರೀಕ್ಷೆಗೆ ಬಂದೆ’ ಅಂದರೆ ಊರವರಿಗೆ ಅಷ್ಟು ಸಾಕು, ಅದು ಸುಳ್ಳೂ ಅಲ್ಲ. ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ ಬೇಡ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಬೆಳಿಗ್ಗೆ ಬಸ್ಸಿಗೆ ಹೊರಟರೆ ಆಯ್ತು.

ಅಮ್ಮನಿಗೆ ಯಾವಾಗ ಹೇಳುವುದು ನಿಮಗೆ ಬಿಟ್ಟಿದ್ದು. ಅವರೂ ಗಂಡನನ್ನು ಕಳೆದುಕೊಂಡು ಎಂಟೇ ತಿಂಗಳು, ಅಲ್ವಾ. ಬಹುಶಃ ಅವರಿಗೂ ರಾತ್ರಿ ನಿದ್ದೆ ಇಲ್ಲ.

ಆ ಮಳೆಯ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೇ ಕೇಳಿಸುತ್ತೆ. ಅದನ್ನು ಬಿಡಿಸಿ ಹೇಳುವಷ್ಟು ತ್ರಾಣ ನಿಮಗೆ ಆ ದಿನ ಇರಲಿಲ್ಲ. ಮುಂದಿನ ಸಲ, ಯಾರೇ ಸಿಗಲಿ, ಮೊದಲು ಅದನ್ನೇ ಹೇಳಿ. ಅದು ಮಳೆ ಅಲ್ಲ ಮೇಡಂ, ಹುಳು ಸೊಪ್ಪು ತಿನ್ನುವ ಸದ್ದು, ಅಪ್ಪ ಇದ್ದಾಗ ಈ ಹೊತ್ತಿಗೆ ಸೊಪ್ಪು ಹಾಕುತ್ತಿದ್ದವರು ಅವರೇ ಅಂತ.