ಗಾಳಿತೂತಿಲ್ಲದ ಇಸ್ತ್ರಿ ಪೆಟ್ಟಿಗೆ

ಪ್ರಶ್ನೆ: ಹಳೆಯ ಸಾಮಾನುಗಳ ನಡುವೆ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆಯೊಂದು ಸಿಕ್ಕಿದೆ. ಒಳಗೆ ಟೊಳ್ಳು, ಹಿಂಭಾಗದಲ್ಲಿ ಮೇಲಕ್ಕೆ ಸರಿಯುವ ಪುಟ್ಟ ಬಾಗಿಲು. ಆದರೆ ಮೇಲಿನ ಮುಚ್ಚಳ ತೆರೆಯುವುದಿಲ್ಲ, ಗಾಳಿಯಾಡಲು ಒಂದು ತೂತೂ ಇಲ್ಲ. ಇದರಲ್ಲಿ ಕೆಂಡ ಹೇಗೆ ಉರಿಯುತ್ತಿತ್ತು?

ಉತ್ತರ: ತೂತಿಲ್ಲವೆಂದು ನೀವು ಗಮನಿಸಿದ್ದರಲ್ಲೇ ಉತ್ತರವಿದೆ, ಇದಕ್ಕೆ ಕೆಂಡ ಹಾಕುತ್ತಲೇ ಇರಲಿಲ್ಲ. ಪೆಟ್ಟಿಗೆಯ ಒಳಗಿನ ಆಕಾರಕ್ಕೆ ಹೊಂದುವ, ಮುಂದಿನ ತುದಿ ಚೂಪಾದ ಕಬ್ಬಿಣದ ಗಟ್ಟಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಅದರ ತೂತಿಗೆ ಕೊಕ್ಕೆ ಸಿಕ್ಕಿಸಿ ಎತ್ತಿ, ಹಿಂದಿನಿಂದ ಒಳಗೆ ತಳ್ಳಿ ಬಾಗಿಲು ಇಳಿಸುತ್ತಿದ್ದರು. ಒಂದು ಗಟ್ಟಿ ಒಳಗಿದ್ದಾಗ ಇನ್ನೊಂದು ಒಲೆಯಲ್ಲಿ ಕಾಯುತ್ತಿರುತ್ತಿತ್ತು. ಹದಿನೈದು ಸೆಂಟಿಮೀಟರ್ ಉದ್ದದ ಕಬ್ಬಿಣ ಕೆಂಪಗೆ ಕಾದಾಗ ಒಂದು ಮಿಲಿಮೀಟರಿಗೂ ತುಸು ಹೆಚ್ಚೇ ಹಿಗ್ಗುವುದರಿಂದ, ಗಟ್ಟಿಯನ್ನು ಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡಬೇಕಿತ್ತು. ಇಲ್ಲವಾದರೆ ಅದು ಒಳಗೇ ಬಿಗಿದುಕೊಳ್ಳುತ್ತಿತ್ತು. ಬೂದಿ, ಮಸಿ ಯಾವುದೂ ಬಟ್ಟೆಗೆ ತಾಗದ ಈ ವಿಧಾನವೇ ಹಳೆಯವುಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಎಂಬುದು ನನ್ನ ಅಭಿಪ್ರಾಯ.

ಇದ್ದಿಲಿನ ಪೆಟ್ಟಿಗೆಯನ್ನು ಗುರುತಿಸುವುದು ಸುಲಭ. ಅದರ ಮುಚ್ಚಳ ಕೀಲಿನ ಮೇಲೆ ತೆರೆಯುತ್ತದೆ, ಪಕ್ಕಗಳಲ್ಲಿ ಸಾಲಾಗಿ ಗಾಳಿಕಿಂಡಿಗಳಿರುತ್ತವೆ, ಕೆಲವಕ್ಕೆ ಹೊಗೆ ಪಕ್ಕಕ್ಕೆ ಹೋಗುವಂತೆ ಬಾಗಿದ ಪುಟ್ಟ ಚಿಮಣಿಯೂ ಇರುತ್ತದೆ. ಕೆಂಡ ಮಂಕಾದರೆ ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ತೂಗಿ ಗಾಳಿ ಕೊಡುತ್ತಿದ್ದರು. ಆಗ ಕಿಂಡಿಯಿಂದ ಹಾರಿದ ಒಂದು ಕಿಡಿ ಒಗೆದ ಬಟ್ಟೆಯನ್ನು ಸುಡಲು ಸಾಕಾಗಿತ್ತು.

ಟೊಳ್ಳಿಲ್ಲದ ಇಡಿ ಎರಕದ ಇಸ್ತ್ರಿಗಳನ್ನು ನೇರವಾಗಿ ಒಲೆಯ ಮೇಲೆಯೇ ಇಟ್ಟು ಕಾಯಿಸುತ್ತಿದ್ದರು. ಹಿಡಿಯೂ ಕಬ್ಬಿಣದ್ದೇ ಆದ್ದರಿಂದ ದಪ್ಪ ಬಟ್ಟೆಯಿಲ್ಲದೆ ಮುಟ್ಟುವಂತಿರಲಿಲ್ಲ. ಅಮೆರಿಕದ ಮೇರಿ ಫ್ಲಾರೆನ್ಸ್ ಪಾಟ್ಸ್ ಅವರು 1871ರಲ್ಲಿ ಪೇಟೆಂಟ್ ಪಡೆದ, ಕಳಚಿ ಇನ್ನೊಂದಕ್ಕೆ ಜೋಡಿಸಬಹುದಾದ ಹಿಡಿ ಈ ತೊಂದರೆಗೆ ಪರಿಹಾರವಾಯಿತು: ಇಸ್ತ್ರಿಯ ತಳ ಒಲೆಯ ಮೇಲಿದ್ದರೂ ಹಿಡಿ ತಣ್ಣಗೆ ಹೊರಗೇ ಉಳಿಯುತ್ತಿತ್ತು. ತಳಕ್ಕೆ ಅಂಟುವ ಮಸಿಯನ್ನು ಚಿಂದಿಯಿಂದ ಒರೆಸಿ, ಗಂಜಿ ಹಾಕಿದ ಬಟ್ಟೆ ಹಿಡಿದುಕೊಳ್ಳದಿರಲೆಂದು ಜೇನುಮೇಣ ಸವರುವುದು ರೂಢಿಯಲ್ಲಿತ್ತು.

ಕಾವನ್ನು ಅಳೆಯುತ್ತಿದ್ದುದು ಒದ್ದೆ ಬೆರಳಿನಿಂದ ಚಿಮುಕಿಸಿದ ನೀರಿನ ಹನಿಯಲ್ಲಿ. ಹನಿ ಬಿದ್ದಲ್ಲೇ ಹರಡಿ ಚುಂಯ್‌ಗುಟ್ಟಿ ಆರಿದರೆ ಕಾವು ಸಾಧಾರಣ. ಮುತ್ತಿನಂತೆ ದುಂಡಗಾಗಿ ಓಡಿದರೆ, ಹನಿಯಡಿಯ ಆವಿಯೇ ಅದನ್ನು ತಳದಿಂದ ಎತ್ತಿ ಹಿಡಿಯುವಷ್ಟು ಕಬ್ಬಿಣ ಕಾದಿದೆ ಎಂದರ್ಥ.

ಮುಂದೆ ಗ್ಯಾಸ್ ಮತ್ತು ದ್ರವ ಇಂಧನದ ಇಸ್ತ್ರಿಗಳೂ ಬಂದವು. ಹೆನ್ರಿ ಸೀಲಿ ವಿದ್ಯುತ್ ಇಸ್ತ್ರಿಗೆ ಪೇಟೆಂಟ್ ಪಡೆದದ್ದು 1882ರಲ್ಲಿ.

ನಿಮ್ಮ ಪೆಟ್ಟಿಗೆ ಸಿಕ್ಕಿದ ಸಾಮಾನುಗಳನ್ನು ಮತ್ತೊಮ್ಮೆ ಕೆದಕಿ ನೋಡಿ. ಹಿಂದೆ ತೂತಿರುವ, ಮೊನಚಾದ ಕಬ್ಬಿಣದ ತುಂಡನ್ನು ತೂಕದ ಕಲ್ಲೆಂದೋ ಗುಜರಿಯೆಂದೋ ಯಾರಾದರೂ ಬದಿಗಿಟ್ಟಿರಬಹುದು.