ಕಾರ್ಬನ್ ಸಿಂಕ್ರೊ ಆರ್ಡರ್ ಮಾಡೋ ಮುಂಚೆ ಕ್ಲಚ್ ನೋಡ್ಸಿ: ಗೇರ್‌ಬಾಕ್ಸ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ. ಕಾರು ಬೇರೆ, ಊರು ಬೇರೆ, ಕೇಳೋದು ಮಾತ್ರ ಅದೇ, "ಸೆಕೆಂಡ್ ಗೇರ್ ಕರ್ರ್ ಅನ್ನುತ್ತೆ, ಯಾವ ಸಿಂಕ್ರೊ ಹಾಕ್ಸಲಿ?" ಯಾವ ಪಾರ್ಟು ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡು ಆಮೇಲೆ ಕಾರಣ ಹುಡುಕೋ ಈ ಅಭ್ಯಾಸ ನೋಡಿದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಯಾಕಂದ್ರೆ ಕೊನೆಗೆ ಹಾಳಾಗೋದು ಒಂದು ಒಳ್ಳೆ ಗೇರ್‌ಬಾಕ್ಸು. ಸಿಂಕ್ರೊ ಅಂದ್ರೆ ಗೇರ್ ಕೂರೋ ಮುಂಚೆ ಉಜ್ಜಿ ಎರಡೂ ಕಡೆಯ ಸ್ಪೀಡನ್ನ ಒಂದು ಮಾಡೋ ರಿಂಗು, ಅದಕ್ಕಿಂತ ಹೆಚ್ಚಿಗೆ ಅ ಆ ಇ ಈ ಇಂದ ಇಲ್ಲಿ ಹೇಳಲ್ಲ, ಸ್ಪೋರ್ಟ್ಸ್ ಕಾರ್ ಇಟ್ಕೊಂಡೋರಿಗೆ ಅಷ್ಟು ಗೊತ್ತಿರ್ಬೇಕು.

ಪ್ರಶ್ನೆ (ಸ್ಯಾನ್ ಹೊಸೆಯಲ್ಲಿರೋ ಕನ್ನಡದ ಓದುಗರೊಬ್ಬರು): ನನ್ನ ಹತ್ರ 2001ರ ಹೋಂಡಾ ಎಸ್2000 ಇದೆ, ಎಪಿ1 ಅಂತಾರಲ್ಲ, ಆ ಮೊದಲ ಮಾಡೆಲ್. ಥರ್ಡಿಂದ ಸೆಕೆಂಡ್‌ಗೆ ಡೌನ್‌ಶಿಫ್ಟ್ ಮಾಡ್ದಾಗ ಗ್ರೈಂಡ್ ಆಗುತ್ತೆ, ಅದ್ರಲ್ಲೂ ಲಗೂನಾ ಸೆಕಾ ಟ್ರ್ಯಾಕಲ್ಲಿ ಗಾಡಿ ಬಿಸಿ ಆದ್ಮೇಲೆ ಜಾಸ್ತಿ. ಹೀಲ್-ಟೋ (ಬ್ರೇಕ್ ಒತ್ಕೊಂಡೇ ಅದೇ ಕಾಲಲ್ಲಿ ಆಕ್ಸಿಲರೇಟರ್ ತಟ್ಟೋದು) ಸರಿಯಾಗೇ ಮಾಡ್ತೀನಿ. 2004ರ ಎಪಿ2 ಕಾರುಗಳಲ್ಲಿ ಕಾರ್ಬನ್ ಸಿಂಕ್ರೊ ಇದೆಯಂತೆ, ಅದನ್ನ ನನ್ನ ಬಾಕ್ಸಿಗೆ ಹಾಕ್ಸಿದ್ರೆ ಸರಿಹೋಗುತ್ತಾ? ಅಂದಹಾಗೆ ಹೋದ ವರ್ಷ ಟ್ವಿನ್ ಡಿಸ್ಕ್ ಕ್ಲಚ್ ಹಾಕ್ಸಿದೀನಿ, ಸದ್ದು ಅದಾದ ಸ್ವಲ್ಪ ದಿನಕ್ಕೆ ಶುರು ಆಯ್ತು.

ಉತ್ತರ: ನೀವು "ಅಂದಹಾಗೆ" ಅಂತ ಕೊನೆಗೆ ಬರೆದಿದ್ದೀರಲ್ಲ, ಅದೇ ಮೊದಲ ಸಾಲಾಗಿ ಬರ್ಬೇಕಿತ್ತು.

ಎಪಿ1ರಲ್ಲಿ ಹಿತ್ತಾಳೆ ಸಿಂಕ್ರೊ, ಎಪಿ2ರಲ್ಲಿ ಕಾರ್ಬನ್, ಅದು ನಿಜ. ಆದ್ರೆ ಆ ರಿಂಗು ಯಾವುದರ ಜೊತೆ ಗುದ್ದಾಡುತ್ತೆ ಅನ್ನೋದು ಮೊದ್ಲು ತಿಳ್ಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗ ಇಂಜಿನ್ ಬೇರೆ ಆಗುತ್ತೆ, ಸರಿ, ಆದ್ರೆ ಕ್ಲಚ್ ಡಿಸ್ಕು, ಕ್ಲಚ್ಚಿಂದ ಬಾಕ್ಸೊಳಗೆ ಹೋಗೋ ಇನ್‌ಪುಟ್ ಶಾಫ್ಟು, ಅದು ತಿರುಗಿಸೋ ಲೇ ಶಾಫ್ಟು, ಅದಕ್ಕೆ ಕಚ್ಕೊಂಡಿರೋ ಎಲ್ಲಾ ಗೇರುಗಳು ಇನ್ನೂ ತಿರುಗ್ತಾನೇ ಇರ್ತವೆ. ಅಷ್ಟೂ ತೂಕನ ಕಣ್ಣು ಮಿಟುಕಿಸೋದ್ರೊಳಗೆ ಇನ್ನೊಂದು ಸ್ಪೀಡಿಗೆ ಎಳ್ಕೊಂಡು ಬರೋದು ಗೇರಿನ ಪಕ್ಕದ ಒಂದು ಪುಟ್ಟ ಕೋನಿನ ಮೇಲೆ ಆ ರಿಂಗಿನ ಉಜ್ಜಾಟ, ಬೇರೇನೂ ಇಲ್ಲ. ಡಿಸ್ಕು ಇನ್‌ಪುಟ್ ಶಾಫ್ಟಿನ ಮೇಲೇ ಕೂತಿರುತ್ತೆ ಅನ್ನೋದನ್ನ ಕ್ಲಚ್ ಮಾರೋರು ಯಾರೂ ಬಾಯಿಬಿಟ್ಟು ಹೇಳಲ್ಲ. ಒಂದರ ಜಾಗದಲ್ಲಿ ಎರಡು ಡಿಸ್ಕ್ ಹಾಕಿ, ಅದೂ ಸ್ಪ್ರಿಂಗ್ ಇರೋ ದೊಡ್ಡ ಸ್ಟ್ರೀಟ್ ಡಿಸ್ಕುಗಳಾದ್ರೆ, ಸಿಂಕ್ರೊ ಎಳೀಬೇಕಾದ ಹೊರೆ ಆವತ್ತಿಂದಾನೇ ಜಾಸ್ತಿ ಆಯ್ತು. ಕೆಲವು ಚಿಕ್ಕ ವ್ಯಾಸದ ರೇಸ್ ಟ್ವಿನ್‌ಗಳು ಹಗುರ ಇರ್ತವೆ, ನಿಮ್ಮದು ಯಾವುದು ಅಂತ ನೀವು ಬರೆದಿಲ್ಲ. ತೂಕ ಒಂದೇ ಇದ್ರೂ ಅದು ಡಿಸ್ಕಿನ ಅಂಚಿನ ಕಡೆ ಇದ್ದಷ್ಟೂ ಕಷ್ಟ ಜಾಸ್ತಿ, ಹಾಗಾಗಿ ತಕ್ಕಡಿ ನೋಡಿ ಸಮಾಧಾನ ಪಟ್ಕೋಬೇಡಿ.

ಈಗ ಲೆಕ್ಕ. ಎಪಿ1 ಬಾಕ್ಸಲ್ಲಿ ಗೇರ್ ರೇಶಿಯೊ ಸೆಕೆಂಡ್ 2.045, ಥರ್ಡ್ 1.481, ಫೋರ್ತ್ 1.161. ಥರ್ಡಲ್ಲಿ 6000 ಆರ್‌ಪಿಎಂ ಇದ್ದಾಗ ಸೆಕೆಂಡ್‌ಗೆ ಎಳೆದ್ರೆ ಇನ್‌ಪುಟ್ ಶಾಫ್ಟ್ ಸುಮಾರು 8285ಕ್ಕೆ ಏರ್ಬೇಕು, ಅಂದ್ರೆ ಹತ್ರ ಹತ್ರ 2300ರ ಜಿಗಿತ. ಅದೇ 6000ದಲ್ಲಿ ಫೋರ್ತಿಂದ ಥರ್ಡಿಗೆ ಬಂದ್ರೆ ಜಿಗಿತ ಬರೀ 1650 ಚಿಲ್ರೆ. ಶಕ್ತಿ ಈ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ ಸೆಕೆಂಡ್ ಗೇರಿನ ರಿಂಗು ಥರ್ಡ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬಿಸಿ ನುಂಗ್ಬೇಕು. ಎಷ್ಟೋ ಕಾರಲ್ಲಿ ಸೆಕೆಂಡೇ ಮೊದ್ಲು ಯಾಕೆ ಹೋಗುತ್ತೆ ಅಂತ ಕೇಳೋರಿಗೂ ಇದೇ ಉತ್ತರ.

ಇನ್ನು ನಿಮ್ಮ ಹೀಲ್-ಟೋ. ಇದೊಂದು ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ ಚೆನ್ನಾಗಿ ಓಡ್ಸೋರೂ ಇದನ್ನೇ ಹೇಳ್ತಾರೆ, "ನಾನು ರೆವ್ ಮ್ಯಾಚ್ ಮಾಡ್ತೀನಿ, ನನ್ನ ಸಿಂಕ್ರೊಗೆ ಏನೂ ಆಗಲ್ಲ." ತಪ್ಪು. ಕ್ಲಚ್ ಒತ್ತಿಟ್ಕೊಂಡು ಆಕ್ಸಿಲರೇಟರ್ ತಟ್ಟಿದ್ರೆ ಮೇಲೇರೋದು ಇಂಜಿನ್ ಮಾತ್ರ, ಗೇರ್‌ಬಾಕ್ಸ್ ಒಳಗಿನ ಶಾಫ್ಟಿಗೆ ಅದು ಗೊತ್ತೇ ಆಗಲ್ಲ, ಯಾಕಂದ್ರೆ ಎರಡರ ಮಧ್ಯೆ ಕ್ಲಚ್ ಬಿಟ್ಕೊಂಡಿದೆ. ಹೀಲ್-ಟೋ ಉಳಿಸೋದು ಕ್ಲಚ್ಚನ್ನ, ಹಿಂದಿನ ಟೈರ್ ಜಾರದ ಹಾಗೆ ನೋಡ್ಕೊಳೋದು, ಅಷ್ಟೇ. ಸಿಂಕ್ರೊ ಉಳೀಬೇಕಂದ್ರೆ ಡಬಲ್ ಕ್ಲಚ್: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಡಿ, ಈಗ ತಟ್ಟಿ, ಮತ್ತೆ ಕ್ಲಚ್ ಒತ್ತಿ ಸೆಕೆಂಡ್. ನ್ಯೂಟ್ರಲಲ್ಲಿ ಕ್ಲಚ್ ಬಿಟ್ಟಿರೋ ಆ ಗಳಿಗೇಲಿ ಇಂಜಿನ್ನೇ ಶಾಫ್ಟನ್ನ ತಿರುಗಿಸಿ ಮೇಲೆ ತರುತ್ತೆ, ಸಿಂಕ್ರೊಗೆ ಕೆಲಸ ಉಳಿಯೋದೇ ಇಲ್ಲ. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೊಮೆಶ್ ತರೋವರೆಗೂ ಎಲ್ರೂ ಹೀಗೇ ಓಡ್ಸ್ತಿದ್ದಿದ್ದು, ನಮ್ಮೂರಲ್ಲಿ ಸಿಂಕ್ರೊ ಇಲ್ಲದ ಕ್ರ್ಯಾಶ್ ಗೇರ್‌ಬಾಕ್ಸ್ ಲಾರಿ ಘಾಟಲ್ಲಿ ಇಳಿಸಿದ ಹಳೇ ಡ್ರೈವರ್‌ಗಳಿಗೆ ಇದು ಕಾಲಿಗೇ ಗೊತ್ತು. ಟ್ರ್ಯಾಕಲ್ಲಿ ಪ್ರತಿ ಸಲ ಮಾಡಿ ಅಂತ ಹೇಳ್ತಿಲ್ಲ, ಆದ್ರೆ ಪರೀಕ್ಷೆಗೆ ಒಂದ್ಸಲ ಮಾಡಿ. ಡಬಲ್ ಕ್ಲಚ್ ಮಾಡ್ದಾಗ ಸೆಕೆಂಡ್ ಬೆಣ್ಣೆ ಥರ ಕೂತ್ರೆ ನಿಮ್ಮ ಗೇರಿನ ಹಲ್ಲುಗಳು ಇನ್ನೂ ಬದುಕಿರೋ ಸಾಧ್ಯತೆ ಜಾಸ್ತಿ.

ಆಮೇಲೆ ಕ್ಲಚ್ ಪೂರ್ತಿ ಬಿಡುಗಡೆ ಆಗ್ತಿದೆಯಾ ನೋಡಿ. ಟ್ವಿನ್ ಡಿಸ್ಕಲ್ಲಿ ಎರಡು ಡಿಸ್ಕ್‌ಗೂ ಗ್ಯಾಪ್ ಬೇಕು, ಅದಕ್ಕೆ ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್ ಪೂರ್ತಿ ತಳ್ಬೇಕು, ಪೆಡಲ್ ಕಡೆಯ ಹಳೇ ಮಾಸ್ಟರ್ ಸಿಲಿಂಡರ್ ಒಳಗೇ ಲೀಕ್ ಆಗ್ತಿದ್ರೆ ಅಥವಾ ಲೈನಲ್ಲಿ ಗಾಳಿ ಇದ್ರೆ ತಳ್ಳಲ್ಲ. ಆಗ ಏನಾಗುತ್ತೆ, ಇಂಜಿನ್ ಇನ್ನೂ ಒಂಚೂರು ಶಾಫ್ಟನ್ನ ಹಿಡ್ಕೊಂಡೇ ಇರುತ್ತೆ, ಪಾಪ ಆ ರಿಂಗು ಬರೀ ಶಾಫ್ಟ್ ಅಲ್ಲ, ಇಂಜಿನ್ ಜೊತೆನೂ ಜಗಳ ಆಡ್ಬೇಕು. ಪ್ರಪಂಚದಲ್ಲಿ ಯಾವ ಸಿಂಕ್ರೊನೂ ಅದನ್ನ ಗೆಲ್ಲಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ಗಾಡಿ ಬಿಸಿ ಇದ್ದಾಗ್ಲೇ, ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಹಾಕಿ, ಬ್ರೇಕ್ ಬಿಟ್ಟು ಇಂಜಿನ್ನನ್ನ 5000ದ ತನಕ ಏರ್ಸಿ. ಗಾಡಿ ಒಂಚೂರು ಮುಂದೆ ತೆವಳಿದ್ರೂ ಕ್ಲಚ್ ಹಿಡೀತಿದೆ ಅಂತಾನೇ ಅರ್ಥ. ಐಡಲಲ್ಲಿ ಸರಿ ಇದೆ ಅಂತ ಬಿಡ್ಬೇಡಿ, ಎಷ್ಟೋ ಕ್ಲಚ್ಚು ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಹಿಡಿಯೋದು. ಇನ್ನೊಂದು, ಇಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಕೂತು, ಆನ್ ಮಾಡಿ ನಿಂತಲ್ಲೇ ಹಾಕೋಕೆ ಹೋದ್ರೆ ತಡೀತಿದ್ರೆ ಅದೂ ಮೊದ್ಲು ಕ್ಲಚ್ ಮೇಲೇ ಅನುಮಾನ. ಈ ಎರಡು ಪರೀಕ್ಷೆ ಮಾಡ್ಸದೇ ಬಂದ ಗೇರ್‌ಬಾಕ್ಸ್ ನಾನು ಬಿಚ್ಚೋದೇ ಇಲ್ಲ.

ಕ್ಲಚ್ ಸರಿ ಇದ್ರೆ ಮುಂದೆ ಆಯಿಲ್. ಎಸ್2000ದ ಗೇರ್‌ಬಾಕ್ಸಿಗೆ ಹೋಂಡಾ ಎಂಟಿಎಫ್ (ಮ್ಯಾನ್ಯುಯಲ್ ಗೇರ್‌ಬಾಕ್ಸ್ ಆಯಿಲ್), ಸುಮಾರು ಒಂದೂವರೆ ಲೀಟರ್ ಹಿಡಿಯುತ್ತೆ, ಹಿಂದಿನ ಡಿಫರೆನ್ಷಿಯಲ್‌ಗೆ ಜಿಎಲ್-5 ಹೈಪಾಯ್ಡ್ ಆಯಿಲ್. ಎರಡೂ ಬೇರೆ ಬೇರೆ. "ಎಲ್ಲಾ ಗೇರ್ ಆಯಿಲ್ ಒಂದೇ ಸಾರ್" ಅಂತ ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯೋರು ಎಲ್ಲಾ ದೇಶದಲ್ಲೂ ಇದಾರೆ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಡಿಟಿವ್ ಜಾಸ್ತಿ ಇರುತ್ತೆ, ಬಿಸಿಯಲ್ಲಿ ಅದು ಹಿತ್ತಾಳೆನ ತಿನ್ನಬಹುದು ಅನ್ನೋದು ಒಂದು, ಈಗಿನ ಕೆಲವು ಆಯಿಲುಗಳು ಅಷ್ಟು ತಿನ್ನಲ್ಲ ಅಂತಾರೆ, ಒಪ್ಕೋತೀನಿ. ಆದ್ರೆ ನಿಜವಾದ ತೊಂದ್ರೆ ಇನ್ನೊಂದು, ಅದು ಕೋನಿನ ಮೇಲೆ ಜಾರೋ ಪದರ ಬಿಡುತ್ತೆ, ಸಿಂಕ್ರೊ ಕೆಲಸ ಮಾಡೋದೇ ಉಜ್ಜಾಟದಿಂದ, ಉಜ್ಜಾಟನೇ ತೆಗೆದುಬಿಟ್ರೆ ಸ್ಪೀಡು ಹೇಗೆ ಒಂದಾಗ್ಬೇಕು? ಹಳೇ ಆಯಿಲ್ ಇಳಿಸ್ವಾಗ ನೋಡಿ, ಸಣ್ಣ ಚಿನ್ನದ ಬಣ್ಣದ ಪುಡಿ ಇದ್ರೆ ಹಿತ್ತಾಳೆ ಸವೆತ, ಸ್ವಲ್ಪ ಇದ್ರೆ ಮಾಮೂಲಿ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ಟಿಗೆ ಉಕ್ಕಿನ ಚೂರು ಅಂಟಿದ್ರೆ ಗಾಡಿ ಓಡ್ಸೋದು ಅವತ್ತೇ ನಿಲ್ಸಿ.

ಇದೆಲ್ಲಾ ಆದ್ಮೇಲೂ ಗ್ರೈಂಡ್ ಆದ್ರೆ ಮಾತ್ರ ಬಾಕ್ಸ್ ಬಿಚ್ಚೋ ಮಾತು. ರಿಂಗನ್ನ ಕೋನಿನ ಮೇಲೆ ಒತ್ತಿಟ್ಟು ರಿಂಗಿಗೂ ಗೇರಿಗೂ ಮಧ್ಯದ ಗ್ಯಾಪನ್ನ ಫೀಲರ್ ಗೇಜಲ್ಲಿ ಸುತ್ತ ಮೂರ್ನಾಕು ಕಡೆ ಅಳೀಬೇಕು, ಸರ್ವಿಸ್ ಮ್ಯಾನ್ಯುಯಲ್ ಮಿತಿಗಿಂತ ಕಮ್ಮಿ ಇದ್ರೆ ರಿಂಗ್ ಮುಗೀತು. ಆದ್ರೆ ರಿಂಗ್ ಒಂದೇ ಹಾಕಿ ಮುಚ್ಚಿಬಿಡೋ ಕೆಲಸಕ್ಕೆ ದುಡ್ಡು ಕೊಡ್ಬೇಡಿ. ತಿಂಗಳುಗಟ್ಟಲೆ ಕರ್ರ್ ಅನ್ನಿಸ್ಕೊಂಡು ಓಡಿಸಿದ ಗಾಡೀಲಿ ಗೇರನ್ನ ಶಾಫ್ಟಿಗೆ ಕಚ್ಚಿಸೋ ಸ್ಲೀವಿನ ಒಳಹಲ್ಲಿನ ಮೊನೆ, ಅದು ಕಚ್ಚೋ ಗೇರಿನ ಡಾಗ್ ಹಲ್ಲಿನ ಮೊನೆ ಎರಡೂ ದುಂಡಗಾಗಿರ್ತವೆ. ಹೊಸ ರಿಂಗು ಸ್ಪೀಡ್ ಒಂದು ಮಾಡುತ್ತೆ, ಮೊಂಡ ಮೊನೆ ಆದ್ರೂ ತಡೆಯುತ್ತೆ. ಹಬ್-ಸ್ಲೀವ್ ಜೋಡಿಯಾಗೇ ಬದಲಾಗ್ಬೇಕು, ಹಲ್ಲು ಮುರಿದಿದ್ರೆ ಗೇರೂ, ಸವೆದಿದ್ರೆ ಶಿಫ್ಟ್ ಫೋರ್ಕೂ.

ಕಾರ್ಬನ್ ಬಗ್ಗೆ ಹೇಳ್ಬೇಕಂದ್ರೆ, ಒಳ್ಳೇದೇ, ನಾನು ವಿರೋಧಿ ಅಲ್ಲ. ಬಿಸಿ ತಡೆಯುತ್ತೆ, ನಿಧಾನಕ್ಕೆ ಸವೆಯುತ್ತೆ, ಲ್ಯಾಪ್ ಮೇಲೆ ಲ್ಯಾಪ್ ಹೋದ್ರೂ ಹಿಡಿತ ಒಂದೇ ಥರ ಇರುತ್ತೆ. ತಣ್ಣಗಿದ್ದಾಗ ಕೆಲವು ಬಾಕ್ಸಲ್ಲಿ ಸ್ವಲ್ಪ ಬಿಗಿ ಅನ್ಸುತ್ತೆ, ಬಿಸಿ ಆಗೋವರೆಗೂ ತಾಳ್ಮೆ ಬೇಕು. ಆದ್ರೆ ಹಿತ್ತಾಳೆ ರಿಂಗ್ ಉಜ್ಜಿದ ಹಳೇ ಕೋನಿನ ಮೇಲೆ, ಅದೂ ಬಿಸಿಗೆ ನೀಲಿಯಾಗಿ ಗೀರು ಬಿದ್ದಿರೋದ್ರ ಮೇಲೆ, ಕಾರ್ಬನ್ ರಿಂಗ್ ಕೂರ್ಸಿದ್ರೆ ಆ ಕೋನು ರಿಂಗಿನ ಹೊಸ ಲೈನಿಂಗನ್ನ ಕೆರೆದು ತಿಂದುಬಿಡುತ್ತೆ. ನಿಮ್ಮಂಥ ಎಪಿ1ಗೆ ನಾನಾಗಿದ್ರೆ ಬಿಡಿ ರಿಂಗ್ ಹುಡ್ಕೋದ್ರ ಬದ್ಲು ಒಳ್ಳೆ ಸ್ಥಿತೀಲಿರೋ ಪೂರ್ತಿ ಎಪಿ2 ಗೇರ್‌ಬಾಕ್ಸನ್ನೇ ಹುಡುಕ್ತೀನಿ, ಅದು ಎಪಿ1ಗೆ ಕೂರುತ್ತೆ, ಎಷ್ಟೋ ಜನ ಮಾಡಿದಾರೆ. ಮೊದಲ ನಾಕು ಗೇರು ಸುಮಾರು 4% ಶಾರ್ಟ್ ಆಗುತ್ತೆ, ಅಂದ್ರೆ ಅದೇ ಸ್ಪೀಡಿಗೆ ಆರ್‌ಪಿಎಂ ಅಷ್ಟು ಜಾಸ್ತಿ, ಅನ್ನೋದು ನೆನಪಿರ್ಲಿ.

ಒಂದು ಎಚ್ಚರಿಕೆ ಕೊಟ್ಟು ಈ ಪ್ರಶ್ನೆ ಮುಗಿಸ್ತೀನಿ. ನಿಮ್ಮ ಕಾರಲ್ಲಿ ಥರ್ಡಲ್ಲಿ 6500 ದಾಟಿರುವಾಗ ಸೆಕೆಂಡ್ ಹಾಕಿ ಕ್ಲಚ್ ಬಿಟ್ರೆ ಇಂಜಿನ್ 9000 ಮೇಲೆ ಹೋಗುತ್ತೆ, ರೆವ್ ಲಿಮಿಟರ್ ಏನೂ ಮಾಡೋಕಾಗಲ್ಲ, ಯಾಕಂದ್ರೆ ತಿರುಗಿಸ್ತಿರೋದು ಚಕ್ರ. ಸವೆದ ಸಿಂಕ್ರೊ ಕರ್ರ್ ಅಂದು ನಿಮ್ಮನ್ನ ತಡೆಯುತ್ತೆ, ಗಟ್ಟಿ ಕಾರ್ಬನ್ ಸಿಂಕ್ರೊ ಸುಮ್ನೆ ಒಳಗೆ ಬಿಟ್ಕೊಳುತ್ತೆ. ಅಪ್‌ಗ್ರೇಡ್ ಆದ್ಮೇಲೆ ಬ್ರೇಕ್ ಮಾಡಿ ಸ್ಪೀಡ್ ಇಳಿಸಿಯೇ ಗೇರ್ ಇಳಿಸಿ.

ಪ್ರಶ್ನೆ (ಬೆಂಗಳೂರು, ಹಳೇ ಆಕ್ಟೇವಿಯಾ ವಿಆರ್‌ಎಸ್): ಜೆ.ಸಿ. ರೋಡಲ್ಲಿ ಒಬ್ರು 140 ಆಯಿಲ್ ಹಾಕಿ, ಸದ್ದು ನಿಲ್ಲುತ್ತೆ ಅಂದ್ರು. ಹಾಕ್ಸಲಾ?

ಬೇಡ. ದಪ್ಪ ಆಯಿಲ್ ಬೇರಿಂಗ್ ಸದ್ದನ್ನ ಮುಚ್ಚಿಡುತ್ತೆ, ಬೆಳಗ್ಗೆ ತಣ್ಣಗಿರುವಾಗ ಸಿಂಕ್ರೊ ಆ ಪದರ ಕತ್ತರಿಸೋಕಾಗದೆ ಇನ್ನೂ ಬೇಗ ಸಾಯುತ್ತೆ. ಕಂಪನಿ ಹೇಳಿದ ಗ್ರೇಡೇ ಹಾಕಿ.

ಪ್ರಶ್ನೆ (ಹುಬ್ಬಳ್ಳಿ): ಮೆಕ್ಯಾನಿಕ್ ಹೊಸ ರಿಂಗಿಗೆ ವಾಲ್ವ್ ಉಜ್ಜೋ ಪೇಸ್ಟ್ ಹಚ್ಚಿ ಕೋನಿನ ಮೇಲೆ ತಿರುಗ್ಸಿ ಸೆಟ್ ಮಾಡ್ತೀನಿ ಅಂತಿದಾರೆ, ಮಾಡ್ಸಲಾ?

ಪಾರ್ಟ್ಸ್ ಎತ್ಕೊಂಡು ಅಲ್ಲಿಂದ ಹೊರಡಿ. ಆ ಪೇಸ್ಟಿನ ಒರಟು ಹರಳು ಹಿತ್ತಾಳೆಯೊಳಗೆ ಕಚ್ಕೊಂಡು ಕೂತ್ರೆ ತೊಳೆದ್ರೂ ಹೋಗಲ್ಲ, ಆಮೇಲೆ ಪ್ರತಿ ಶಿಫ್ಟಿಗೂ ಕೋನನ್ನ ಅರೀತಾ ಇರುತ್ತೆ.

ಪ್ರಶ್ನೆ: ಆಯಿಲಿಗೆ ಬೆರೆಸೋ ಬಾಟಲಿ ಅಡಿಟಿವ್‌ನಿಂದ ಸಿಂಕ್ರೊ ರಿಪೇರಿ ಆಗುತ್ತಾ?

ಸವೆದ ಲೋಹ ಬಾಟಲಿಯಿಂದ ವಾಪಸ್ ಬೆಳೆಯಲ್ಲ.

ಪ್ರಶ್ನೆ (ಮೈಸೂರು): ಶಾರ್ಟ್ ಶಿಫ್ಟರ್ ಹಾಕ್ಸಿದ್ಮೇಲೆ ಗೇರ್ ಗಟ್ಟಿ ಆಗಿದೆ, ಸಿಂಕ್ರೊ ಹೋಯ್ತಾ?

ಇನ್ನೂ ಹೋಗಿಲ್ದೇ ಇರ್ಬಹುದು. ಲಿವರ್ ಓಡಾಟ ಕಮ್ಮಿ ಆದಷ್ಟೂ ಕೈಗೆ ಬೇಕಾದ ಬಲ ಜಾಸ್ತಿ ಆಗೇ ಆಗುತ್ತೆ, ಸಿಂಕ್ರೊ ಬದಲಾಗಿಲ್ಲ, ನಿಮ್ಮ ಲಿವರೇಜ್ ಬದಲಾಗಿದೆ. ಆ ಬಿಗಿನ ಮೀರಿ ಬಡಿದು ಹಾಕೋ ಅಭ್ಯಾಸ ಶುರು ಆದ್ರೆ ಮಾತ್ರ ಹೋಗುತ್ತೆ, ರಿಂಗ್ ತಡೆದಾಗ ಅರೆ ಗಳಿಗೆ ಒತ್ತಿ ಹಿಡೀರಿ, ತಾನೇ ಬಿಡುತ್ತೆ.

ಪ್ರಶ್ನೆ: ರೋಡ್ ಕಾರಿಗೆ ಡಾಗ್ ಬಾಕ್ಸ್ (ಸಿಂಕ್ರೊ ಇಲ್ದೆ ಹಲ್ಲಿಗೆ ಹಲ್ಲು ಕಚ್ಚೋ ಗೇರ್‌ಬಾಕ್ಸು) ಹಾಕ್ಸಿದ್ರೆ ಸಿಂಕ್ರೊ ಚಿಂತೆನೇ ಇರಲ್ಲ ಅಲ್ವಾ?

ಸಿಲ್ಕ್ ಬೋರ್ಡ್ ಟ್ರಾಫಿಕಲ್ಲಿ ಡಾಗ್ ಬಾಕ್ಸ್ ಓಡ್ಸೋದು ಬೇಡ. ರೇಸ್ ಕಾರಿಗೆ ಮಾತ್ರ, ಅದೂ ಆಗಾಗ ಬಿಚ್ಚಿ ಡಾಗ್ ನೋಡ್ಸೋ ಬಜೆಟ್ ಇದ್ರೆ.

ಪ್ರಶ್ನೆ (ದುಬೈಯಿಂದ, ಮಂಗಳೂರಿನವರು): 2003ರ ನಿಸ್ಸಾನ್ 350ಝಡ್, ಥರ್ಡ್ ಗೇರ್ ಗ್ರೈಂಡ್. ಬಾಕ್ಸ್ ಬಿಚ್ಚಿಸಿ ಸಿಂಕ್ರೊ ಹಾಕ್ಸಲಾ?

ಕ್ಲಚ್ ನೋಡ್ಸಿ, ಅದು ಸರಿ ಇದ್ರೆ ಬಿಚ್ಚಿಸ್ಬೇಡಿ. ಮೊದಮೊದಲ ಬಾಕ್ಸುಗಳ ಸಿಂಕ್ರೊ ದೂರು ಹಳೇದು, ನಿಸ್ಸಾನ್ ಅದನ್ನ ತಿದ್ದುತ್ತಾ ತಿದ್ದುತ್ತಾ ಸಿಡಿ009 ಅನ್ನೋ ನಂಬರಿನ ಬಾಕ್ಸಿಗೆ ಬಂತು. ಆ ಸಿಡಿ009 ಅಥವಾ ಆಮೇಲಿನ ಸಿಡಿ00ಎ ಬಾಕ್ಸನ್ನೇ ಪೂರ್ತಿಯಾಗಿ ಹಾಕ್ಸಿ.

ಮುಂದಿನ ಸಲಕ್ಕೆ ಪ್ರಶ್ನೆ ಕಳ್ಸೋರು ಕಾರಿನ ವರ್ಷ, ಈಗಿರೋ ಕ್ಲಚ್ ಯಾವುದು, ಒಳಗಿರೋ ಆಯಿಲ್ ಯಾವುದು, ಸದ್ದು ತಣ್ಣಗಿರುವಾಗ್ಲೋ ಬಿಸಿಯಾದ್ಮೇಲೋ, ಮೇಲಕ್ಕೆ ಹೋಗ್ವಾಗ್ಲೋ ಕೆಳಕ್ಕೆ ಬರ್ವಾಗ್ಲೋ, ಇಷ್ಟು ಬರೀರಿ. ಇದಿಲ್ದೇ ಇರೋ ಪ್ರಶ್ನೆಗೆ ಉತ್ತರ ಕೊಡಲ್ಲ.