ಓದುಗರ ಪ್ರಶ್ನೆ (ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಬಂದವು): ಆನ್‌ಲೈನ್ ಪಾಠ ಕಿವಿ ಕೇಳಿಸದ ಮಕ್ಕಳಿಗೆ ಮುಟ್ಟುತ್ತಿದೆಯೇ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುತ್ತಾನೆ. ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಚೆನ್ನಾಗಿಯೇ ಕಲಿಯುತ್ತಿದ್ದ. ಕೊರೊನಾ ಬಂದು ಪಾಠ ಮೊಬೈಲಿಗೆ ಬಂದ ಮೇಲೆ ಅರ್ಧ ಗಂಟೆಗೇ ತಲೆನೋವು ಅಂತ ಎದ್ದು ಹೋಗುತ್ತಾನೆ. ವಾಲ್ಯೂಮ್ ಪೂರ್ತಿ ಇಟ್ಟರೂ ಅರ್ಥವಾಗಲ್ಲ ಅನ್ನುತ್ತಾನೆ. ಇದು ಸೋಮಾರಿತನವೇ?

ಉತ್ತರ: ಅಲ್ಲವೇ ಅಲ್ಲ ತಾಯಿ, ಆ ಮಾತನ್ನು ಅವನ ಮುಂದೆ ಆಡಲೇಬೇಡಿ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡುತ್ತದೆ, ಆದರೆ ಪ್ರತಿ ಮಾತನ್ನೂ ಸ್ಪಷ್ಟ ಮಾಡಿಕೊಡುವುದು ಅದರ ಕೈಲಾಗುವುದಿಲ್ಲ. ಉಳಿದದ್ದನ್ನು ನಿಮ್ಮ ಮಗ ಟೀಚರ ತುಟಿ, ಮುಖ, ಬೋರ್ಡು, ಪಕ್ಕದ ಹುಡುಗನ ನೋಟ್‌ಬುಕ್ ನೋಡಿ ತುಂಬಿಕೊಳ್ಳುತ್ತಿದ್ದ. ಈಗ ಮೊಬೈಲಿನಲ್ಲಿ ಟೀಚರ ಮುಖ ಹೆಬ್ಬೆರಳಿನಷ್ಟಾಗಿದೆ, ನೆಟ್ ನಿಧಾನವಾದರೆ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ, ಸ, ಶ ದಂಥ ತೀಕ್ಷ್ಣ ಸದ್ದುಗಳು ಸಣ್ಣ ಸ್ಪೀಕರಿನಲ್ಲಿ ಮಸುಕಾಗುತ್ತವೆ. ತುಟಿ ಓದುವುದು ಸುಲಭ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ ‘ಮರ, ಬರ, ಪರ’ ಅಂದು ನೋಡಿ. ಮೂರೂ ಒಂದೇ ಥರ ಕಾಣುತ್ತವೆ, ಅಲ್ವಾ? ಇನ್ನು ಕ, ಗ ಹುಟ್ಟುವುದು ಬಾಯಿಯ ಒಳಗೆ, ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಅವನು ಪ್ರತಿ ವಾಕ್ಯದಲ್ಲೂ ಅರ್ಧ ಕೇಳಿ, ಅರ್ಧ ಊಹಿಸಿ, ಆ ಊಹೆ ಸರಿಯೇ ಅಂತ ಯೋಚಿಸುವಷ್ಟರಲ್ಲಿ ಮುಂದಿನ ವಾಕ್ಯ ಹೋಗಿಬಿಟ್ಟಿರುತ್ತದೆ. ತಲೆನೋವು ಬರದೆ ಇರುತ್ತದೆಯೇ?

ವಾಲ್ಯೂಮ್ ಪೂರ್ತಿ ಏರಿಸಬೇಡಿ, ಸದ್ದು ಒಡೆಯುತ್ತದೆ. ಅವನ ಏಡ್‌ಗೆ ಬ್ಲೂಟೂತ್ ಅಥವಾ ಟೆಲಿಕಾಯಿಲ್ (ದನಿಯನ್ನು ತಂತಿಯಿಲ್ಲದೆ ಹಿಡಿಯುವ, ಏಡ್ ಒಳಗಿನ ಪುಟ್ಟ ಸುರುಳಿ) ಇದೆಯೇ ಅಂತ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಕೇಳಿ. ಇದ್ದರೆ ಸ್ಪೀಕರ್ ಬಿಟ್ಟು ಪಾಠದ ದನಿಯನ್ನು ನೇರ ಏಡ್‌ಗೇ ಕಳಿಸುವ ದಾರಿ ಇರುತ್ತದೆ, ಮನೆಯ ಗದ್ದಲ ಅಡ್ಡ ಬರುವುದು ಕಡಿಮೆಯಾಗುತ್ತದೆ. ಸಾಧ್ಯವಾದರೆ ದೊಡ್ಡ ಪರದೆಯಲ್ಲಿ ನೋಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪಾಠದ ಟಿಪ್ಪಣಿಯನ್ನು ಹಿಂದಿನ ದಿನವೇ ಕಳಿಸಿ ಅಂತ ಶಾಲೆಗೆ ಬರೆದು ಕೇಳಿ. ಹೊಸ ಪದಗಳು ಮೊದಲೇ ಗೊತ್ತಿದ್ದರೆ ಊಹೆಯ ಭಾರ ಅರ್ಧ ಇಳಿಯುತ್ತದೆ. ಇದು ಬೇಡಿಕೊಳ್ಳುವ ವಿಷಯ ಅಲ್ಲ, ಅವನ ಹಕ್ಕು.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ನನ್ನ ತರಗತಿಯಲ್ಲಿ ಸನ್ನೆ ಭಾಷೆ ಬಳಸುವ ಇಬ್ಬರು ಮಕ್ಕಳಿದ್ದಾರೆ. ಮಾತನ್ನು ಪರದೆಯಲ್ಲಿ ಅಕ್ಷರವಾಗಿ ತೋರಿಸುವ ಕ್ಯಾಪ್ಷನ್ ಆನ್ ಮಾಡುತ್ತೇನೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು ಸರ್. ಆದರೆ ನೀವು ಕೇಳಿದ್ದು ನನಗೆ ಬಹಳ ಸಂತೋಷ. 2020ರ ಏಪ್ರಿಲ್ ಹೊತ್ತಿಗೆ, ಯುನೆಸ್ಕೋ ಲೆಕ್ಕದಂತೆ, 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 150 ಕೋಟಿ ವಿದ್ಯಾರ್ಥಿಗಳ ಕಲಿಕೆ ಅರ್ಧಕ್ಕೆ ನಿಂತಿತ್ತು. ಆ ಗಡಿಬಿಡಿಯಲ್ಲಿ ಆನ್‌ಲೈನ್ ಪಾಠವೆಲ್ಲ ಕಿವಿ ಕೇಳಿಸುವವರಿಗೆಂದೇ ಸಿದ್ಧವಾಯಿತು. ಆಗಿದ್ದು ಅರ್ಥವಾಗುತ್ತದೆ, ಹಾಗೇ ಬಿಡುವುದು ಸರಿಯಲ್ಲ.

ತಾನಾಗಿ ಮೂಡುವ ಕ್ಯಾಪ್ಷನ್ ಹೆಸರುಗಳಲ್ಲಿ, ವಿಜ್ಞಾನದ ಪದಗಳಲ್ಲಿ ತಪ್ಪುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರಂತೂ ಪೂರ್ತಿ ಕಲಸಿಹೋಗುತ್ತದೆ. ಅಲ್ಲದೆ ಸನ್ನೆ ಭಾಷೆಯಲ್ಲೇ ಬೆಳೆದ ಮಗುವಿಗೆ ಬರಹದ ಭಾಷೆ ಎರಡನೆಯದು, ಓಡುವ ಅಕ್ಷರ ಹಿಡಿಯುವುದು ಕಷ್ಟ. ಆದ್ದರಿಂದ ಮಾತನ್ನು ಸನ್ನೆಗೆ ತಿರುಗಿಸಿ ಹೇಳುವ ಇಂಟರ್‌ಪ್ರಿಟರ್ ಬೇಕು ಅಂತ ಶಾಲೆಯನ್ನು ಒತ್ತಾಯಿಸಿ. ಅವರ ವಿಡಿಯೋ ಚೌಕವನ್ನು ಮಕ್ಕಳು ತಮ್ಮ ಪರದೆಯಲ್ಲಿ ಪಿನ್ ಮಾಡಿಕೊಳ್ಳಲಿ, ಅಂದರೆ ಅದು ಸದಾ ಕಾಣುವಂತೆ ನಿಲ್ಲಿಸಿಕೊಳ್ಳಲಿ. ಯಾಕೆಂದರೆ ವಿಡಿಯೋ ಪಾಠದ ಆ್ಯಪ್‌ಗಳು ಸಾಮಾನ್ಯವಾಗಿ ದನಿ ಬಂದ ಕಡೆಗೆ ಪರದೆ ತಿರುಗಿಸುತ್ತವೆ. ಸನ್ನೆಯಲ್ಲಿ ಉತ್ತರ ಹೇಳುವ ಮಗುವಿನಿಂದ ದನಿ ಬರುವುದಿಲ್ಲ, ಆದ್ದರಿಂದ ಅದು ಯಾರಿಗೂ ಕಾಣುವುದೇ ಇಲ್ಲ. ಆ ಮಗು ಉತ್ತರಿಸುವಾಗ ನೀವೇ ಅದನ್ನು ಸ್ಪಾಟ್‌ಲೈಟ್ ಮಾಡಿ, ಅಂದರೆ ಎಲ್ಲರ ಪರದೆಯಲ್ಲೂ ದೊಡ್ಡದಾಗಿ ಕಾಣುವಂತೆ ಮಾಡಿ.

ಇನ್ನೊಂದು ಮಾತು, ಇದನ್ನು ತುಂಬ ಜನ ಮರೆಯುತ್ತಾರೆ. ಕಿವಿ ಕೇಳಿಸುವ ಮಗು ಸ್ಲೈಡ್ ನೋಡುತ್ತಲೇ ನಿಮ್ಮ ಮಾತು ಕೇಳುತ್ತದೆ. ಇವರಿಗೆ ಎರಡಕ್ಕೂ ಇರುವುದು ಅದೇ ಕಣ್ಣು. ಸ್ಲೈಡ್ ಹಾಕಿ, ಸುಮ್ನೆ ಸ್ವಲ್ಪ ಹೊತ್ತು ಬಿಡಿ, ಓದಿಕೊಳ್ಳಲಿ, ಆಮೇಲೆ ಮಾತಾಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ನೆಟ್ ಸಾಲದಿದ್ದರೆ ಉಳಿದವರ ವಿಡಿಯೋ ಆಫ್ ಮಾಡಿಸಿ. ಸನ್ನೆ ಚೆನ್ನಾಗಿ ಅರ್ಥವಾಗಲು ಸೆಕೆಂಡಿಗೆ ಸುಮಾರು 25 ಚಿತ್ರ ಹರಿಯಬೇಕು, ವಿಡಿಯೋ ತಡವರಿಸಿದರೆ ಕೈ ಚಲನೆಯ ಜೊತೆ ಅರ್ಥವೂ ಕಳೆದುಹೋಗುತ್ತದೆ.

ಪ್ರಶ್ನೆ: ಮಗಳು ಕಿವುಡು ಮಕ್ಕಳ ವಸತಿ ಶಾಲೆಯಲ್ಲಿದ್ದಳು. ಶಾಲೆ ಮುಚ್ಚಿ ಮನೆಗೆ ಬಂದಿದ್ದಾಳೆ. ನಮಗ್ಯಾರಿಗೂ ಸನ್ನೆ ಬರುವುದಿಲ್ಲ. ದಿನವಿಡೀ ಕೋಣೆಯಲ್ಲೇ ಇರುತ್ತಾಳೆ. ಏನು ಮಾಡಲಿ?

ಉತ್ತರ: ಅಪ್ಪಾಜಿ, ಅವಳು ಕಳೆದುಕೊಂಡಿದ್ದು ಬರೀ ಪಾಠವನ್ನಲ್ಲ. ಮಾತಾಡಲು ಜನವೇ ಇಲ್ಲದಂತಾಗಿದೆ ಅವಳಿಗೆ. ಅಮೆರಿಕದ ಅಧ್ಯಯನಗಳ ಪ್ರಕಾರ ಕಿವುಡು ಮಕ್ಕಳಲ್ಲಿ 90%ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳಿಸುವ ತಂದೆತಾಯಿಗೆ, ಹಾಗಾಗಿ ನಿಮ್ಮ ಸ್ಥಿತಿಯಲ್ಲಿ ಎಷ್ಟೋ ಮನೆಗಳಿವೆ. ಇವತ್ತೇ ಶುರು ಮಾಡಿ, ಅವಳೇ ನಿಮ್ಮ ಗುರು. ಊಟ, ನಿದ್ದೆ, ಬೇಜಾರು, ನೋವು, ‘ಇವತ್ತು ಏನು ಕಲಿತೆ?’ ಇಷ್ಟರ ಸನ್ನೆ ಅವಳಿಂದ ಕಲಿಯಿರಿ. ತಪ್ಪಾದರೂ ಪರವಾಗಿಲ್ಲ, ಅವಳು ತಿದ್ದುತ್ತಾಳೆ. ಮನೆಯವರೆಲ್ಲ ನಗುತ್ತಿರುವಾಗ ಅವಳು ‘ಏನು?’ ಅಂದರೆ ‘ಆಮೇಲೆ ಹೇಳ್ತೀನಿ’ ಅನ್ನಬೇಡಿ, ಆಗಲೇ ಹೇಳಿ, ಸನ್ನೆ ಬಾರದಿದ್ದರೆ ಬರೆದು ತೋರಿಸಿ. ಶಾಲೆಯ ಗೆಳತಿಯರ ಜೊತೆ ಸಂಜೆ ವಿಡಿಯೋ ಕಾಲ್ ಮಾಡಿದರೆ ಮೊಬೈಲ್ ಜಾಸ್ತಿ ಆಯ್ತು ಅಂತ ಬೈಯಬೇಡಿ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಆ ಹೊತ್ತು ಅವಳಿಗೇ ಇರಲಿ.